ದೊಡ್ಡ ಪ್ರಭಾವಳಿ, ಸಣ್ಣ ಹಾಳೆ: ಅಳತೆ ತಪ್ಪದಂತೆ ಪ್ರಿಂಟ್ ಮಾಡುವುದು ಹೇಗೆ?

ಗಣೇಶನ ಹಬ್ಬಕ್ಕೆ ಮನೆಯಲ್ಲೇ ರಟ್ಟಿನ ಪ್ರಭಾವಳಿ ಮಾಡುವವರು ಜಾಸ್ತಿಯಾಗಿದ್ದಾರೆ. ಖುಷಿಯ ವಿಷಯ. ಆದರೆ ಬಹಳ ಜನ ಒಂದೇ ಕಡೆ ಎಡವುವುದನ್ನು ನೋಡಿದ್ದೇನೆ. ನಕ್ಷೆ ಚೆನ್ನಾಗಿರುತ್ತದೆ, ಹಾಳೆಗಳನ್ನು ಅಂಟಿಸುತ್ತಾರೆ, ರಾತ್ರಿಯೆಲ್ಲ ಕೂತು ರಟ್ಟು ಕತ್ತರಿಸುತ್ತಾರೆ. ಮಂಟಪದ ಎರಡು ಕಂಬಗಳ ನಡುವೆ ನಿಲ್ಲಿಸಿದರೆ ಎರಡು ಬೆರಳಿನಷ್ಟು ಸಂದು! ಪ್ರಿಂಟರ್ ನಕ್ಷೆಯನ್ನು ಶೇ 3ರಷ್ಟು ಕುಗ್ಗಿಸಿರುತ್ತದೆ. 90 ಸೆಂ.ಮೀ. ಅಗಲದ ಪ್ರಭಾವಳಿಯಲ್ಲಿ ಅದು ಹೆಚ್ಚುಕಡಿಮೆ 2.7 ಸೆಂ.ಮೀ.

ಇದಕ್ಕೆ ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಬೇಕಿಲ್ಲ. ನಕ್ಷೆಗೆ ಇಂಕ್‌ಸ್ಕೇಪ್, ಪ್ರಿಂಟ್‌ಗೆ ಅಡೋಬಿ ರೀಡರ್ ಸಾಕು. ಎರಡೂ ಪುಕ್ಕಟೆ. ಇಲ್ಲಿ 90 ಸೆಂ.ಮೀ. ಅಗಲ, 120 ಸೆಂ.ಮೀ. ಎತ್ತರದ ಪ್ರಭಾವಳಿಯನ್ನು ಲೆಕ್ಕಕ್ಕೆ ಹಿಡಿದಿದ್ದೇನೆ.

ಅರ್ಧ ಮಾತ್ರ ಬಿಡಿಸಿ

ಪ್ರಭಾವಳಿಯ ಎಡ ಬಲ ಒಂದೇ ಥರ ಇರುತ್ತದೆ ಅಲ್ವಾ? ಹಾಗಾದರೆ ಅರ್ಧವನ್ನಷ್ಟೇ ಪ್ರಿಂಟ್ ಮಾಡಿ, ಅದನ್ನೇ ಮಗುಚಿ ಹಾಕಿ ಇನ್ನೊಂದು ಅರ್ಧ ಗುರುತು ಮಾಡಿಕೊಳ್ಳಿ. ಪೂರ್ತಿ ನಕ್ಷೆಗೆ ಸುಮಾರು 25 ಎ4 ಹಾಳೆ ಬೇಕು. ಅರ್ಧಕ್ಕೆ 15 ಸಾಕು. ಕಾಗದ ಉಳಿಯುವುದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಎರಡು ಬದಿಯೂ ಒಂದೇ ಸಮ ಬರುತ್ತದೆ.

ಇಂಕ್‌ಸ್ಕೇಪ್ ತೆರೆದು ಡಾಕ್ಯುಮೆಂಟ್ ಪ್ರಾಪರ್ಟೀಸ್‌ಗೆ ಹೋಗಿ. ಹಾಳೆಯ ಅಳತೆ 470 × 1220 ಮಿ.ಮೀ. ಕೊಡಿ. ನಕ್ಷೆ 450 × 1200. ಸುತ್ತ 1 ಸೆಂ.ಮೀ. ಖಾಲಿ ಬಿಡಲೇಬೇಕು, ಇಲ್ಲದಿದ್ದರೆ ಅಂಚಿನ ಗೆರೆಯನ್ನು ಪ್ರಿಂಟರ್ ನುಂಗುತ್ತದೆ.

ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಚಿತ್ರ ಇದ್ದರೆ ಅದನ್ನು ಒಳಗೆ ತಂದು, ಮಸುಕು ಮಾಡಿ, ಮೇಲೆ ಪೆನ್ ಟೂಲ್‌ನಲ್ಲಿ ಗೆರೆ ಎಳೆಯಿರಿ. ಟ್ರೇಸ್ ಬಿಟ್‌ಮ್ಯಾಪ್ ಎಂಬ ಅಡ್ಡದಾರಿ ಇದೆ, ನಾನು ಬೇಡ ಎನ್ನುತ್ತೇನೆ. ಅದು ಒಂದು ಗೆರೆಯ ಎರಡೂ ಅಂಚನ್ನು ಹಿಡಿದು ಜೋಡಿ ಗೆರೆ ಮಾಡಿಕೊಡುತ್ತದೆ. ಕಟರ್ ಹಿಡಿದಾಗ ಯಾವ ಗೆರೆಯ ಮೇಲೆ ಕೊಯ್ಯಬೇಕು ಎಂದೇ ಗೊತ್ತಾಗುವುದಿಲ್ಲ. ಮಕರದ ಬಾಯಿ, ಬಳ್ಳಿಯ ಸುರುಳಿ ಕೈಯಲ್ಲಿ ಎಳೆದರೇ ಚೆಂದ. ಒಳಗೆ ಬಣ್ಣ ತುಂಬಬೇಡಿ. ಸುಮ್ನೆ ಇಂಕ್ ದಂಡ.

ಅಳತೆ ಕೊಡುವಾಗ ಅಗಲ ಎತ್ತರದ ನಡುವಿನ ಬೀಗದ ಗುರುತು ಒತ್ತಿರಿ. ಪಕ್ಕದಲ್ಲಿ ಪಿಎಕ್ಸ್ (ಪಿಕ್ಸೆಲ್) ಎಂದಿದ್ದರೆ ಎಂಎಂ (ಮಿ.ಮೀ.) ಮಾಡಿ. ಪಿಎಕ್ಸ್‌ನಲ್ಲೇ 450 ಎಂದು ಹಾಕಿದರೆ ಪ್ರಭಾವಳಿಯ ಅಗಲ 12 ಸೆಂ.ಮೀ. ಕೂಡ ಬರುವುದಿಲ್ಲ. ಇನ್ನೊಂದು ಎಚ್ಚರ ಹಳೆಯ ಫೈಲ್‌ಗಳ ಬಗ್ಗೆ. 2017ರಲ್ಲಿ ಬಂದ ಇಂಕ್‌ಸ್ಕೇಪ್ 0.92ರಿಂದ ಒಂದು ಇಂಚಿಗೆ 90 ಪಿಕ್ಸೆಲ್ ಬದಲು 96 ಎಂದು ಲೆಕ್ಕ ಬದಲಾಯಿತು. ಅದಕ್ಕಿಂತ ಹಳೆಯ ನಕ್ಷೆ ಯಾರಾದರೂ ಕೊಟ್ಟರೆ ತೆರೆದ ಕೂಡಲೇ ಅಗಲ ಎತ್ತರ ನೋಡಿಕೊಳ್ಳಿ.

ಹಿನ್ನೆಲೆಗೆ ಚೌಕಳಿ

ಇದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಮಾಡಲೇಬೇಕು. 15 ಹಾಳೆಗಳಲ್ಲಿ ಕೆಲವು ಬಹುತೇಕ ಖಾಲಿ ಇರುತ್ತವೆ. ಒಂದು ಮೂಲೆಯಲ್ಲಿ ಒಂದು ತುಂಡು ಗೆರೆ, ಅಷ್ಟೇ. ಅಂಥ ಹಾಳೆಯನ್ನು ಪಕ್ಕದ ಹಾಳೆಗೆ ನೇರವಾಗಿ ಕೂರಿಸುವುದಾದರೂ ಹೇಗೆ? ಅದಕ್ಕೇ ನಕ್ಷೆಯ ಹಿಂದೆ 5 ಸೆಂ.ಮೀ. ಚೌಕಗಳ ತಿಳಿ ಬೂದು ಬಣ್ಣದ ಚೌಕಳಿ ಹಾಕಿ. ಎಕ್ಸ್‌ಟೆನ್ಷನ್ಸ್, ಅದರೊಳಗೆ ರೆಂಡರ್, ಅದರೊಳಗೆ ಗ್ರಿಡ್ಸ್, ಅಲ್ಲಿ ಕಾರ್ಟೀಷಿಯನ್ ಗ್ರಿಡ್. ಹಾಕಿದ ಮೇಲೆ ಒಂದು ಚೌಕದ ಅಳತೆ ನೋಡಿ. ಇಂಕ್‌ಸ್ಕೇಪ್ ಪರದೆಯ ಮೇಲೆ ತಾನೇ ತೋರಿಸುವ ಗ್ರಿಡ್ ನಂಬಿಕೊಂಡು ಕೂರಬೇಡಿ. ಅದು ಪ್ರಿಂಟ್‌ನಲ್ಲಿ ಬರುವುದಿಲ್ಲ.

ಖಾಲಿ ಜಾಗದಲ್ಲಿ ಸರಿಯಾಗಿ 10 × 10 ಸೆಂ.ಮೀ. ಚೌಕ ಒಂದನ್ನು ದಪ್ಪ ಗೆರೆಯಲ್ಲಿ ಬಿಡಿಸಿ. ಇದು ಪರೀಕ್ಷೆಯ ಚೌಕ. ಪ್ರಭಾವಳಿಯ ಮೇಲೆ ಕನ್ನಡ ಅಕ್ಷರ ಇದ್ದರೆ ಆಬ್ಜೆಕ್ಟ್ ಟು ಪಾತ್ ಕೊಟ್ಟು ಗೆರೆಯಾಗಿಸಿ. ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತಕ್ಷರ ಚೆಲ್ಲಾಪಿಲ್ಲಿ ಆಗುವುದು ತಪ್ಪುತ್ತದೆ. ಕೊನೆಗೆ ಪಿಡಿಎಫ್ ಆಗಿ ಉಳಿಸಿ.

ಎಲ್ಲರೂ ಎಡವುವ ಜಾಗ: ಪ್ರಿಂಟ್

ಪಿಡಿಎಫ್ ಅನ್ನು ಕಂಪ್ಯೂಟರಿನಲ್ಲಿ ಅಡೋಬಿ ರೀಡರ್‌ನಲ್ಲೇ ತೆರೆಯಿರಿ. ಕ್ರೋಮ್‌ನಲ್ಲಿ ತೆರೆದರೆ ದೊಡ್ಡ ಹಾಳೆಯನ್ನು ತುಂಡು ಮಾಡಿ ಪ್ರಿಂಟ್ ಮಾಡುವ ಸೌಲಭ್ಯ ಸಿಗುವುದಿಲ್ಲ. ಪ್ರಿಂಟ್ ಒತ್ತಿದಾಗ ಸೈಜ್, ಪೋಸ್ಟರ್, ಮಲ್ಟಿಪಲ್ ಹೀಗೆ ಬಟನ್‌ಗಳು ಕಾಣುತ್ತವೆ. ಪೋಸ್ಟರ್ ಒತ್ತಿ. ಟೈಲ್ ಸ್ಕೇಲ್ ಎಂಬಲ್ಲಿ 100 ಇರಬೇಕು. 99 ಅಲ್ಲ, 101 ಅಲ್ಲ. ಕಟ್ ಮಾರ್ಕ್ಸ್ (ಎಲ್ಲಿ ಕತ್ತರಿಸಬೇಕು ಎಂಬ ಗುರುತು), ಲೇಬಲ್ಸ್ (ಯಾವ ಹಾಳೆ ಎಲ್ಲಿಯದು ಎಂಬ ಗುರುತು) ಎರಡಕ್ಕೂ ಟಿಕ್ ಹಾಕಿ. ಲೇಬಲ್ ಇಲ್ಲದ 15 ಹಾಳೆ ಗಾಳಿಗೆ ಹಾರಿದರೆ ಮತ್ತೆ ಜೋಡಿಸಲು ಅರ್ಧ ದಿನ ಬೇಕು.

ಇನ್ನು ಓವರ್‌ಲ್ಯಾಪ್. ಪಕ್ಕಪಕ್ಕದ ಹಾಳೆಗಳು ಎಷ್ಟು ಭಾಗವನ್ನು ಎರಡೆರಡು ಸಲ ತೋರಿಸಬೇಕು ಎಂಬ ಲೆಕ್ಕ ಇದು. ಸೊನ್ನೆ ಬಿಡಬೇಡಿ. ಮನೆಯಲ್ಲೇ ಪ್ರಿಂಟರ್ ಇದ್ದರೆ ಅರ್ಧ ಇಂಚು ಸಾಕು.

ಮನೆಯಲ್ಲಿ ಪ್ರಿಂಟರ್ ಇಲ್ಲದವರು ಇಲ್ಲಿ ಗಮನ ಕೊಡಿ. ಆ 47 × 122 ಸೆಂ.ಮೀ. ಅಳತೆಯ ಪಿಡಿಎಫ್ ಅನ್ನು ಹಾಗೇ ಅಂಗಡಿಗೆ ಒಯ್ದರೆ, ಹಿಂದೆ ಹತ್ತು ಜನ ನಿಂತಿರುವಾಗ ಅಂಗಡಿಯವರು ಪೋಸ್ಟರ್ ಹುಡುಕುತ್ತಾ ಕೂರುವುದಿಲ್ಲ. ಅವರ ಯಂತ್ರ ಫಿಟ್ ಎಂಬಲ್ಲೇ, ಅಂದರೆ ನಕ್ಷೆಯನ್ನು ಹಾಳೆಗೆ ಹಿಡಿಯುವಷ್ಟು ಕುಗ್ಗಿಸುವ ಕಡೆಯೇ ನಿಂತಿರುತ್ತದೆ. ಆದ್ದರಿಂದ ವಿಂಡೋಸ್‌ನಲ್ಲಿ ಪ್ರಿಂಟರ್ ಜಾಗದಲ್ಲಿ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಆರಿಸಿ, ಕಾಗದ ಎ4 ಇದೆಯೇ ನೋಡಿ, ಪೋಸ್ಟರ್ ಆಗಿಯೇ ಪ್ರಿಂಟ್ ಕೊಡಿ. 15 ಪುಟದ ಹೊಸ ಪಿಡಿಎಫ್ ಸಿಗುತ್ತದೆ. ಇಲ್ಲಿ ಮಾತ್ರ ಓವರ್‌ಲ್ಯಾಪ್ ಮುಕ್ಕಾಲು ಇಂಚು, ಅಂದರೆ 0.75 ಕೊಡಿ. ಯಾಕೆ? ಈ ಪಿಡಿಎಫ್ ಹಾಳೆಯ ಅಂಚಿನವರೆಗೂ ಗೆರೆ ಎಳೆದಿರುತ್ತದೆ. ಅಂಗಡಿಯ ಪ್ರಿಂಟರ್ ಪ್ರತಿ ಅಂಚಿನಲ್ಲಿ ಸುಮಾರು 5 ಮಿ.ಮೀ. ಪ್ರಿಂಟ್ ಮಾಡದೆ ಬಿಡುತ್ತದೆ. ಎರಡು ಹಾಳೆ ಸೇರುವಲ್ಲಿ 10 ಮಿ.ಮೀ. ಹೋಯಿತು. ಅರ್ಧ ಇಂಚಿನಲ್ಲಿ ಉಳಿಯುವುದು ಎರಡೂವರೆ ಮಿ.ಮೀ. ಅಷ್ಟರಲ್ಲಿ ಜೋಡಿಸುವುದು ಕಷ್ಟ.

ಆ ಫೈಲ್ ಅನ್ನು ಅಂಗಡಿಗೆ ಒಯ್ದು ಒಂದೇ ಮಾತು ಹೇಳಿ: 'ಆಕ್ಚುಯಲ್ ಸೈಜ್ ಹಾಕಿ ಸಾರ್, ಫಿಟ್ ಬೇಡ.' ಪರೀಕ್ಷೆಯ ಚೌಕ ಇರುವ ಪುಟವನ್ನು ಮೊದಲು ಒಂದೇ ತೆಗೆಸಿ. ಜೇಬಿನಲ್ಲಿ ಸ್ಕೇಲ್ ಇರಲಿ. ಅಡ್ಡಕ್ಕೂ ಅಳೆಯಿರಿ, ಉದ್ದಕ್ಕೂ ಅಳೆಯಿರಿ. 10 ಸೆಂ.ಮೀ. ಇದ್ದರೆ ಉಳಿದ 14 ತೆಗೆಸಿ. 9.7 ಬಂದರೆ ಅಲ್ಲೇ ನಿಲ್ಲಿಸಿ. ನಾಚಿಕೆ ಬೇಡ.

ಒಂದು ಹಾಳೆ ಕೆಟ್ಟರೆ ಅದೇ ಅಂಗಡಿಯ ಅದೇ ಯಂತ್ರದಲ್ಲಿ ಮತ್ತೆ ತೆಗೆಸಿ. ಎಲ್ಲ ಹಾಳೆ ಒಂದೇ ಸಮ ಕುಗ್ಗಿದರೆ ಕೊನೇಪಕ್ಷ ಗೆರೆಗಳಾದರೂ ಕೂಡುತ್ತವೆ. ಒಂದು ಹಾಳೆ ಮಾತ್ರ ಬೇರೆ ಅಳತೆಯಲ್ಲಿ ಬಂದರೆ ಏನು ಮಾಡಿದರೂ ಕೂಡುವುದಿಲ್ಲ.

ಲಿನಕ್ಸ್ ಬಳಸುವವರು ಪೋಸ್ಟರೇಜರ್ ನೋಡಿ. ಅದಕ್ಕೆ ಚಿತ್ರ ಕೊಟ್ಟು, ಕೊನೆಯ ಅಳತೆಯನ್ನು ಸೆಂ.ಮೀ.ನಲ್ಲಿ ಹೇಳಿದರೆ ತುಂಡು ಮಾಡಿದ ಪಿಡಿಎಫ್ ಕೊಡುತ್ತದೆ. ಇಂಜಿನಿಯರ್‌ಗಳ ಪ್ಲಾನ್ ಪ್ರಿಂಟ್ ಮಾಡುವ ಅಂಗಡಿ ನಿಮ್ಮ ಊರಲ್ಲಿದ್ದರೆ ಇನ್ನೂ ಸುಲಭ. 36 ಇಂಚಿನ ರೋಲ್‌ನಲ್ಲಿ ಇದು ಒಂದೇ ಹಾಳೆಯಾಗಿ ಬಂದುಬಿಡುತ್ತದೆ. ಅಲ್ಲೂ ಪರೀಕ್ಷೆಯ ಚೌಕ ಅಳೆಯುವುದು ಬಿಡಬೇಡಿ.

ಅಂಟಿಸುವುದು

ಕಾಗದ 75 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದಕ್ಕೆ 75 ಗ್ರಾಂ ತೂಕ) ಇರಲಿ. ಅದಕ್ಕಿಂತ ತೆಳು ಕಾಗದ ಟೇಪ್ ಎತ್ತಿದರೆ ಹರಿದು ಬರುತ್ತದೆ. ಬಿಳಿ ಗಮ್ ಮುಟ್ಟಲೇಬೇಡಿ. ಅದರ ನೀರಿಗೆ ಕಾಗದ ಉಬ್ಬಿ ಸುಕ್ಕಾಗುತ್ತದೆ, ಇಷ್ಟು ಹೊತ್ತು ಕಾಪಾಡಿದ ಅಳತೆ ಅಲ್ಲೇ ಹೋಯಿತು. ಅಗ್ಗದ ಪಾರದರ್ಶಕ ಟೇಪೂ ಬೇಡ, ತಪ್ಪಾದರೆ ಬಿಡಿಸಲು ಆಗುವುದಿಲ್ಲ. ಪೇಂಟಿಂಗ್ ಕೆಲಸದವರು ಬಳಸುವ ಮಾಸ್ಕಿಂಗ್ ಟೇಪ್ ತನ್ನಿ. ಎತ್ತಿ ಮತ್ತೆ ಅಂಟಿಸಬಹುದು.

ಪ್ರತಿ ಹಾಳೆಯ ಎಡ ಅಂಚು ಮತ್ತು ಮೇಲಿನ ಅಂಚಿನ ಖಾಲಿ ಭಾಗವನ್ನಷ್ಟೇ ಕತ್ತರಿಸಿ. ನಾಲ್ಕೂ ಕಡೆ ಕತ್ತರಿಸಿದರೆ ಕೂರಿಸಲು ಜಾಗವೇ ಇರುವುದಿಲ್ಲ. ಒಂದು ಅಡ್ಡಸಾಲಿನ ಮೂರು ಹಾಳೆ ಮೊದಲು. ಎರಡನೆಯ ಹಾಳೆಯ ಕತ್ತರಿಸಿದ ಎಡ ಅಂಚನ್ನು ಮೊದಲನೆಯದರ ಮೇಲೆ ಇಟ್ಟು, ಚೌಕಳಿಯ ಗೆರೆ ಗೆರೆಗೆ ಸೇರಿಸಿ. ಕಣ್ಣಿಗೆ ಸಾಲದಿದ್ದರೆ ಕಿಟಕಿಯ ಗಾಜಿಗೆ ಒತ್ತಿ ಹಿಡಿಯಿರಿ, ಬೆಳಕಿನಲ್ಲಿ ಕೆಳಗಿನ ಗೆರೆ ಕಾಣುತ್ತದೆ. ಮೇಲೊಂದು, ಕೆಳಗೊಂದು ಚಿಕ್ಕ ತುಂಡು ಟೇಪ್ ಮಾತ್ರ ಹಾಕಿ.

ಹೀಗೆ ಐದು ಸಾಲು ಸಿದ್ಧವಾದ ಮೇಲೆ ಸಾಲುಗಳನ್ನು ಒಂದಕ್ಕೊಂದು ಸೇರಿಸಿ. ಹಾಳೆಗೆ ಹಾಳೆ ಅಂಟಿಸುತ್ತಾ ಸುತ್ತಿ ಬಂದರೆ ಒಂದೊಂದು ಮಿ.ಮೀ. ತಪ್ಪು ಕೂಡಿ ಕೂಡಿ ಕೊನೆಯಲ್ಲಿ ನಕ್ಷೆ ಓರೆಯಾಗುತ್ತದೆ. ಮೇಲಿನಿಂದ ಕೆಳಗೆ ಚೌಕಳಿಯ ಒಂದು ಗೆರೆಯ ಮೇಲೆ ದಾರ ಎಳೆದು ಹಿಡಿಯಿರಿ. ಗೆರೆ ದಾರ ಬಿಟ್ಟು ಸರಿದ ಕಡೆ ಟೇಪ್ ಎತ್ತಿ ಸರಿಮಾಡಿ. ಆಮೇಲೆ ಉದ್ದಕ್ಕೂ ಟೇಪ್ ಹೊಡೆಯಿರಿ. ಕತ್ತರಿಸುವ ಮುಂಚೆ ಒಟ್ಟು ಅಗಲ ಅಳೆಯಿರಿ: ಮಧ್ಯದ ಗೆರೆಯಿಂದ ಹೊರ ಅಂಚಿಗೆ 45 ಸೆಂ.ಮೀ.

ರಟ್ಟಿನ ನಡುವೆ ಮೊದಲೇ ಒಂದು ನೇರ ಗೆರೆ ಎಳೆದು, ನಕ್ಷೆಯ ಮಧ್ಯದ ಗೆರೆಯನ್ನು ಅದಕ್ಕೆ ಕೂರಿಸಿ ಗುರುತು ಮಾಡಿ. ಮಗುಚಿ ಮತ್ತೊಮ್ಮೆ. ಕೆಲಸ ಮುಗಿದ ಮೇಲೆ ನಕ್ಷೆಯನ್ನು ಮಡಚಬೇಡಿ, ಸುರುಳಿ ಸುತ್ತಿ ಹೊರಗೆ ಅಳತೆ ಬರೆದಿಡಿ. ಪಕ್ಕದ ಮನೆಯವರು ಕೇಳಿದರೆ ಪಿಡಿಎಫ್ ಅನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಫೋಟೋ ತೆಗೆದು ಕಳಿಸಿದರೆ ಅಳತೆ ಉಳಿಯುವುದಿಲ್ಲ.