ಚಳಿಗಾಲದಲ್ಲಿ ಸರ್ಫಿಂಗ್ ಕಲೀಬೇಕಾ? ಮೈಸೂರು, ಮಂಡ್ಯದವರು ಹಿಂಗೆ ಶುರು ಮಾಡಿ

ಡಿಸೆಂಬರ್ ಬಂತು ಅಂದ್ರೆ ನಮ್ ಕಡೆ ಜನ ಮಂಕಿ ಕ್ಯಾಪ್ ಹಾಕ್ಕೊಂಡು ಕುಕ್ಕರಹಳ್ಳಿ ಕೆರೆ ಸುತ್ತುತಾ ಇರ್ತಾರೆ, ಅದೇ ಹೊತ್ತಲ್ಲಿ ಸುಮಾರು 250 ಕಿಲೋಮೀಟರ್ ಆಚೆ ಮಂಗಳೂರು ಕಡೆ ಸಮುದ್ರದ ನೀರು 27-28 ಡಿಗ್ರಿ ಬೆಚ್ಚಗಿರುತ್ತೆ. ಮೈ ಬೆಚ್ಚಗಿಡೋ ವೆಟ್‌ಸೂಟ್ ಗಿಟ್‌ಸೂಟ್ ಏನೂ ಬೇಡ, ಒಂದು ಚಡ್ಡಿ, ಒಂದು ತುಂಬುತೋಳಿನ ಬಿಗಿ ಟೀ ಶರ್ಟ್ ಸಾಕು. ಆದ್ರೂ ಸರ್ಫಿಂಗ್ ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, "ಅಲೆ ದೊಡ್ಡದಾಗಿ ಬರೋದು ಮಳೆಗಾಲದಲ್ಲಿ ಅಲ್ವಾ, ಚಳಿಗಾಲದಲ್ಲಿ ಹೋಗಿ ಏನ್ ಮಾಡೋದು?" ಸ್ವಾಮಿ, ಕಲಿಯೋರಿಗೆ ದೊಡ್ಡ ಅಲೆ ಬೇಡ್ವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿ ಸಮುದ್ರ ಹೆಂಗಿರುತ್ತೆ ಅಂತ ತಿಳೀಬೇಕಾದ್ರೆ ಮೀನುಗಾರರನ್ನ ನೋಡಿ ಸಾಕು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ, ಮೀನು ಮರಿ ಹಾಕೋ ಟೈಮು ಅನ್ನೋದು ಒಂದು ಕಾರಣ ಆದ್ರೆ ಆ ಕಡಲಿಗೆ ಇಳಿಯೋದೇ ಅಪಾಯ ಅನ್ನೋದು ಇನ್ನೊಂದು.

ನವೆಂಬರ್‌ನಿಂದ ಫೆಬ್ರವರಿವರೆಗೆ ಕಥೆ ಬೇರೆ. ಹತ್ತಿರದ ಗಾಳಿಗೆ ಏಳೋ ಅಲೆ ಕಮ್ಮಿ. ಹಂಗಂತ ಸಮುದ್ರ ಕೆರೆ ಥರ ಸುಮ್ನಿರಲ್ಲ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಸಾವಿರಾರು ಕಿಲೋಮೀಟರ್ ಆಚೆ ಬಿರುಗಾಳಿ ಎದ್ರೆ ಅದರ ಅಲೆ ದಿನಗಟ್ಟಲೆ ಓಡ್ಕೊಂಡು ಇಲ್ಲಿಗೆ ಬರುತ್ತೆ, ಜೊತೆಗೆ ಈ ತಿಂಗಳುಗಳಲ್ಲಿ ಅರಬ್ ದೇಶಗಳ ಕಡೆಯಿಂದ ಶಮಾಲ್ ಅನ್ನೋ ವಾಯವ್ಯ ಗಾಳಿ ಬೀಸಿದ್ರೆ ಅದರ ಅಲೆನೂ ನಮ್ಮ ದಡ ಮುಟ್ಟುತ್ತೆ. ಬಹುತೇಕ ದಿನ ಮೊಣಕಾಲಿಂದ ಸೊಂಟದ ಎತ್ತರ, ಅಷ್ಟೇ. ಕಲಿಯೋಕೆ ಹೇಳಿ ಮಾಡಿಸಿದ ಸೈಜು. ಇನ್ನೊಂದು ಲಾಭ ಬೆಳಗಿನ ಗಾಳಿದು. ರಾತ್ರಿ ನೆಲ ಬೇಗ ತಣ್ಣಗಾಗಿ ಬೆಳಿಗ್ಗೆ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತೆ, ಬರೋ ಅಲೆಯ ಮುಖಕ್ಕೆ ಎದುರಾಗಿ ನಿಲ್ಲೋದ್ರಿಂದ ಅಲೆ ಬೇಗ ಕುಸಿಯಲ್ಲ, ಮೈ ನುಣ್ಣಗಿರುತ್ತೆ. ಹನ್ನೊಂದು ಹನ್ನೆರಡರ ಹೊತ್ತಿಗೆ ನೆಲ ಕಾದು ಗಾಳಿ ಉಲ್ಟಾ ಹೊಡೆದು ನೀರೆಲ್ಲಾ ಕಲಕಿ ಹೋಗುತ್ತೆ. ಆದ್ರಿಂದ ಆರೂವರೆಯಿಂದ ಹತ್ತರೊಳಗೆ ನಿಮ್ಮ ಕೆಲಸ ಮುಗೀಬೇಕು, ಮಧ್ಯಾಹ್ನ ನಿದ್ದೆ ಹೊಡೀರಿ.

ಮೊದಲು ಈಜು, ಅದೂ ಸರಿಯಾದ ಈಜು

ಇಲ್ಲಿ ಸ್ವಲ್ಪ ಜೋರಾಗೇ ಹೇಳ್ತೀನಿ. ಮಂಡ್ಯ ಕಡೆ ಹುಡುಗ್ರು "ಈಜು ಬರುತ್ತೆ ಬಿಡಣ್ಣ, ವಿ.ಸಿ. ನಾಲೇಲಿ ಚಿಕ್ಕವರಿಂದ ಬಿದ್ದಿದೀವಿ" ಅಂತಾರೆ. ನಾಲೇಲಿ ನೀರು ಒಂದೇ ಕಡೆ ಹರಿಯುತ್ತೆ, ಏರಿ ನಾಕು ಕೈ ದೂರದಲ್ಲಿರುತ್ತೆ, ಸುಸ್ತಾದ್ರೆ ಹಿಡ್ಕೊಳ್ಳೋಕೆ ಏನೋ ಒಂದು ಸಿಗುತ್ತೆ. ಸಮುದ್ರದಲ್ಲಿ ನೀರು ಮುಂದಕ್ಕೂ ತಳ್ಳುತ್ತೆ ಹಿಂದಕ್ಕೂ ಎಳೆಯುತ್ತೆ ಪಕ್ಕಕ್ಕೂ ಒಯ್ಯುತ್ತೆ, ಮೂಗಿಗೆ ಉಪ್ಪುನೀರು ಹೊಡೆದಾಗ ಗಾಬರಿ ಆಗ್ದೇ ಇರೋದೇ ಅರ್ಧ ಈಜು. ನನ್ನ ಪ್ರಕಾರ ಎಲ್ಲೂ ಕಾಲೂರದೆ ಇನ್ನೂರು ಮೀಟರ್ ಈಜೋಕೆ ಬರಬೇಕು, ಅಂಗಾತ ಮಲಗಿ ಹತ್ತು ನಿಮಿಷ ತೇಲೋಕೆ ಬರಬೇಕು. ಈಜು ಬರದವ್ರನ್ನೂ ಲೈಫ್ ಜಾಕೆಟ್ ಹಾಕಿ ಸೊಂಟದುದ್ದ ನೀರಲ್ಲಿ ಕಲಿಸೋ ಕಡೆ ಇದಾವೆ, ಒಂದು ದಿನದ ಮಜಾಕ್ಕೆ ಅದು ಓಕೆ, ನಿಜವಾಗ್ಲೂ ಕಲಿಯೋ ಆಸೆ ಇದ್ರೆ ಸಾಲಲ್ಲ. ಮೈಸೂರಿನವರಿಗೆ ಸರಸ್ವತಿಪುರಂನಲ್ಲಿ ಯೂನಿವರ್ಸಿಟಿ ಈಜುಕೊಳ ಇದೆ, ಅಕ್ಟೋಬರ್‌ನಲ್ಲೇ ಶುರು ಹಚ್ಕೊಳ್ಳಿ. ಬಲಮುರಿ, ಎಡಮುರಿ, ಮುತ್ತತ್ತಿ ಕಡೆ ಹೋಗಿ ಪ್ರಾಕ್ಟೀಸ್ ಮಾಡ್ಬೇಡಿ, ಅಲ್ಲಿ ಸುಳಿ, ಕಲ್ಲಿನ ಸಂದು ಎರಡೂ ಇದಾವೆ, ಪ್ರತಿ ವರ್ಷ ಪೇಪರ್‌ನಲ್ಲಿ ಓದ್ತಾನೇ ಇರ್ತೀವಲ್ಲ.

ಎಲ್ಲಿಗೆ, ಹೆಂಗೆ

ಕರ್ನಾಟಕದಲ್ಲಿ ಸರ್ಫಿಂಗ್ ಅಂದ್ರೆ ಮುಲ್ಕಿ. ಮಂಗಳೂರಿಂದ ಉಡುಪಿ ರಸ್ತೇಲಿ ಸುಮಾರು 30 ಕಿಲೋಮೀಟರ್. ಜ್ಯಾಕ್ ಹೆಬ್ನರ್ ಅನ್ನೋ ಅಮೆರಿಕದ ಸನ್ಯಾಸಿ, ಜನ ಕರೆಯೋದು ಸರ್ಫಿಂಗ್ ಸ್ವಾಮಿ ಅಂತ, ಅಲ್ಲಿ ಆಶ್ರಮ ಕಟ್ಕೊಂಡು ಊರ ಹುಡುಗರಿಗೆ ಬೋರ್ಡ್ ಹತ್ತಿಸಿದ್ರು, ದೇಶದ ಮೊದಲ ಸರ್ಫ್ ಕ್ಲಬ್ ಅಂತ ಹೆಸರಾದ ಮಂತ್ರ ಸರ್ಫ್ ಕ್ಲಬ್ ಹುಟ್ಟಿದ್ದು ಹಂಗೆ. ಬೋರ್ಡ್ ಮೇಲೆ ನಿಂತು ಹುಟ್ಟು ಹಾಕೋ ಪ್ಯಾಡಲ್ ಬೋರ್ಡಿಂಗ್‌ನಲ್ಲಿ ಹೆಸರು ಮಾಡಿದ ತನ್ವಿ ಜಗದೀಶ್ ಕೂಡ ಇದೇ ಮುಲ್ಕಿಯವರು. ಪಕ್ಕದ ಸಸಿಹಿತ್ಲು ಬೀಚ್‌ನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೀತು. ಕಾಪು, ಗೋಕರ್ಣದ ಕಡೆನೂ ಕಲಿಸ್ತಾರೆ. ಕಾಪುವಿನಲ್ಲಿ ಲೈಟ್‌ಹೌಸ್ ಹತ್ತಿರ ಬಂಡೆಗಳಿದಾವೆ, ಅಲ್ಲಿ ನಿಮ್ಮಷ್ಟಕ್ಕೆ ನೀವೇ ಇಳೀಬೇಡಿ.

ಬಸ್ಸಲ್ಲಾದ್ರೆ ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಪುತ್ತೂರು. ಘಾಟಿಲಿ ವಾಂತಿ ಆಗೋರು ಮಾತ್ರೆ ಇಟ್ಕೊಳ್ಳಿ. ನನಗೆ ಕೇಳಿದ್ರೆ ರೈಲೇ ವಾಸಿ, ಬೆಂಗಳೂರಿಂದ ಮೈಸೂರು ಮೇಲೆ ಮುರುಡೇಶ್ವರದ ಕಡೆ ಹೋಗೋ ರಾತ್ರಿ ರೈಲಿದೆ, ಮಲಗಿದ್ರೆ ಸಕಲೇಶಪುರದ ಘಾಟಿ ಕತ್ತಲಲ್ಲೇ ಕಳೆದು ಕರಾವಳೀಲಿ ಕಣ್ಣು ಬಿಡಬೋದು, ನಿಲ್ದಾಣ ಟೈಮು ಎಲ್ಲಾ ಬುಕ್ ಮಾಡೋವಾಗ ನೋಡ್ಕೊಳ್ಳಿ. ಬಂದ ದಿನಾನೇ ನೀರಿಗೆ ಬೀಳೋ ಪ್ಲಾನ್ ಬೇಡ, ಒಂದು ರಾತ್ರಿ ಅಲ್ಲೇ ಉಳೀರಿ. ಸಂಕ್ರಾಂತಿ ರಜೆ, ಕ್ರಿಸ್‌ಮಸ್ ವಾರ ತುಂಬಿ ತುಳುಕುತ್ತೆ, ಜನವರಿ ಕೊನೆ ವಾರದ ಮಧ್ಯದ ದಿನಗಳು ಆರಾಮು. ಫೋನ್ ಮಾಡೋವಾಗ ರೇಟ್ ಒಂದೇ ಕೇಳ್ಬೇಡಿ, ಒಬ್ಬ ಕೋಚ್‌ಗೆ ಎಷ್ಟು ಜನ, ಕೋಚ್‌ಗೆ ಇಂಟರ್‌ನ್ಯಾಷನಲ್ ಸರ್ಫಿಂಗ್ ಅಸೋಸಿಯೇಷನ್ ಸರ್ಟಿಫಿಕೇಟ್ ಇದೆಯಾ, ಬೋರ್ಡ್ ಮೆತ್ತನೇದಾ ಅಂತ ಕೇಳಿ. ಎಂಟು ಒಂಬತ್ತು ಅಡಿ ಉದ್ದದ ಫೋಮ್ ಬೋರ್ಡೇ ಬೇಕು. ಚಿಕ್ಕ ಬೋರ್ಡ್ ನೋಡೋಕೆ ಸ್ಟೈಲು, ತೇಲೋದು ಕಮ್ಮಿ, ತಲೆಗೆ ಬಡಿದ್ರೆ ಹೊಲಿಗೆ ಗ್ಯಾರಂಟಿ.

ಇಳಿಯೋ ಮುಂಚೆ ಕೂತು ನೋಡಿ

ಬೀಚ್ ಕಂಡ ತಕ್ಷಣ ಓಡಬಾರದು. ಇಪ್ಪತ್ತು ನಿಮಿಷ ಮರಳ ಮೇಲೆ ಕೂತ್ಕೊಳ್ಳಿ, ಫೋನ್ ಬ್ಯಾಗಲ್ಲಿರಲಿ. ಅಲೆ ಒಂದೇ ಸಮ ಬರಲ್ಲ, ಮೂರೋ ನಾಕೋ ದೊಡ್ಡವು ಒಟ್ಟಿಗೆ ಬಂದು ಆಮೇಲೆ ಸ್ವಲ್ಪ ಹೊತ್ತು ಸುಮ್ನಿರುತ್ತೆ, ಆ ಗ್ಯಾಪಲ್ಲೇ ಒಳಗೆ ಹೋಗೋದು. ಎಲ್ಲಿ ಬಿಳಿ ನೊರೆ ಏಳ್ತಿದೆಯೋ ಅಲ್ಲಿ ಕೆಳಗೆ ಮರಳಿನ ದಿಬ್ಬ ಇದೆ, ನೀರು ಆಳ ಕಮ್ಮಿ. ಎರಡು ನೊರೆ ಪಟ್ಟಿಗಳ ಮಧ್ಯೆ ಅಲೆನೇ ಒಡೀದೆ ನೀರು ಕಪ್ಪಗೆ, ಶಾಂತವಾಗಿ ಕಾಣುತ್ತಲ್ಲ, ನಮ್ ಜನ "ಇಲ್ಲಿ ಸೇಫು" ಅಂತ ಮಕ್ಕಳನ್ನ ಇಳಿಸೋದು ಅಲ್ಲೇ, ಅದೇ ಅತಿ ಡೇಂಜರ್ ಜಾಗ. ದಡಕ್ಕೆ ಬಂದ ನೀರೆಲ್ಲಾ ವಾಪಸ್ ಕಡಲಿಗೆ ಹೋಗೋ ದಾರಿ ಅದು. ಅದರಲ್ಲಿ ಸಿಕ್ಕೊಂಡ್ರೆ ದಡದ ಕಡೆ ನೇರ ಈಜಬೇಡಿ, ಎಂಥಾ ಈಜುಗಾರನೂ ಸೋಲ್ತಾನೆ. ಬೋರ್ಡ್ ಬಿಡದೆ ಅದರ ಮೇಲೆ ಮಲಗಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರೀರಿ, ನೊರೆ ಇರೋ ಕಡೆ ತಲುಪಿದ್ರೆ ಅಲೆನೇ ದಡಕ್ಕೆ ತಳ್ಳುತ್ತೆ. ಆಗ್ತಿಲ್ಲ ಅನ್ಸಿದ್ರೆ ತೇಲ್ತಾ ಕೈ ಎತ್ತಿ.

ನಮ್ಮೋರಿಗೆ ಇನ್ನೊಂದು ಹೊಸದು ಅಳಿವೆ, ಅಂದ್ರೆ ನದಿ ಕಡಲು ಸೇರೋ ಬಾಯಿ. ಶಾಂಭವಿ, ನಂದಿನಿ ಎರಡು ನದಿ ಮುಲ್ಕಿ, ಸಸಿಹಿತ್ಲು ಹತ್ತಿರ ಕಡಲು ಸೇರ್ತವೆ. ಭರತ, ಅಂದ್ರೆ ಸಮುದ್ರದ ಉಬ್ಬರ, ಏರಿ ಇಳಿಯೋಕೆ ಶುರುವಾದಾಗ ನದಿ ಒಳಗೆ ತುಂಬಿದ್ದ ನೀರೆಲ್ಲಾ ಆ ಬಾಯಲ್ಲಿ ಹೊರಗೆ ನುಗ್ಗುತ್ತೆ. ಏರಿಳಿತದ ಮಧ್ಯೆ ಸುಮಾರು ಆರು ಗಂಟೆ ಅಂತರ, ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ಜೋರು. ಹೈದರಾಬಾದ್‌ನ ಇನ್‌ಕಾಯಿಸ್ ಸಂಸ್ಥೆ ಸಮುದ್ರದ ಮುನ್ಸೂಚನೆ ಕೊಡುತ್ತೆ, ಅಲೆ ಎತ್ತರ ಒಂದೇ ಅಲ್ಲ ಎರಡು ಅಲೆ ಮಧ್ಯದ ಸೆಕೆಂಡ್ ಎಷ್ಟು ಅಂತಾನೂ ನೋಡಿ, ಸೆಕೆಂಡ್ ಜಾಸ್ತಿ ಇದ್ರೆ ಅದೇ ಎತ್ತರದ ಅಲೆಗೂ ತಾಕತ್ತು ಜಾಸ್ತಿ.

ಮರಳ ಮೇಲೆ, ಆಮೇಲೆ ನೊರೆಯಲ್ಲಿ

ಯಾರಾದ್ರೂ ಹಿಂದಿಂದ ಮೆಲ್ಲಗೆ ತಳ್ಳಿದ್ರೆ ಯಾವ ಕಾಲು ಮೊದಲು ಮುಂದಕ್ಕಿಡ್ತೀರೋ ಅದೇ ಬೋರ್ಡ್ ಮೇಲೂ ಮುಂದಿನ ಕಾಲು. ಬೋರ್ಡ್‌ಗೂ ನಿಮಗೂ ಕಟ್ಟೋ ಹಗ್ಗ ಹಿಂದಿನ ಕಾಲಿಗೆ. ಎದೆ ಪಕ್ಕ ಅಂಗೈ ಊರಿ, ಬೋರ್ಡ್ ಅಂಚು ಹಿಡೀದೆ, ಒಂದೇ ಏಟಿಗೆ ಎದ್ದು ನಿಲ್ಲೋದು. ಮೊಣಕಾಲೂರಿ ಎದ್ದು ಆಮೇಲೆ ನಿಲ್ಲೋ ಅಭ್ಯಾಸ ಮಾಡ್ಕೊಂಡ್ರೆ ಅದನ್ನ ಬಿಡಿಸೋದು ಮಹಾ ಕಷ್ಟ. ಮಂಡಿ ಬಗ್ಗಿರಬೇಕು, ಸೊಂಟ ಅಲ್ಲ, ಕಣ್ಣು ಮುಂದೆ. ಇದನ್ನ ಮನೇಲಿ ಚಾಪೆ ಮೇಲೆ ಎರಡು ವಾರ ದಿನಾ ಮಾಡಿ, ಮನೆಯವ್ರು ನಗಲಿ ಬಿಡಿ.

ನೀರಲ್ಲಿ ಮೊದಲ ದಿನ ಸೊಂಟದುದ್ದ ದಾಟಬೇಡಿ. ಒಡೆದು ನೊರೆಯಾಗಿ ಬರೋ ಅಲೆ ಸಾಕು. ಮಲಗೋ ಜಾಗ ಮುಖ್ಯ, ಕಬ್ಬಿನ ಗಾಡಿ ಹೇರಿದ ಲೆಕ್ಕವೇ ಇದು, ಭಾರ ಹಿಂದಾದ್ರೆ ಮೂಕಿ ಎದ್ದು ನಿಲ್ಲುತ್ತೆ, ಮುಂದಾದ್ರೆ ಎತ್ತಿನ ಹೆಗಲು ಮುರಿಯುತ್ತೆ. ಬೋರ್ಡ್‌ನ ಮೂತಿ ನೀರಿಂದ ಒಂದೆರಡು ಇಂಚು ಮೇಲಿದ್ರೆ ಸರಿ. ಅಲೆ ಹಿಂದೆ ಬಂದಾಗ ಉದ್ದುದ್ದ ಕೈ ಹಾಕಿ ನೀರು ಎಳೀರಿ, ಅಲೆ ಎತ್ತಿದ ಮೇಲೂ ಇನ್ನೆರಡು ಕೈ ಹಾಕಿ ಆಮೇಲೆ ಏಳಿ, ಎಲ್ರೂ ಆ ಎರಡು ಕೈ ಮೊದಲೇ ಎದ್ದು ಬೀಳ್ತಾರೆ. ಬೀಳೋದೂ ಕಲೀಬೇಕು, ತಲೆ ಮುಂದಾಗಿ ಧುಮುಕಬೇಡಿ, ಬೆನ್ನೋ ಕುಂಡೆಯೋ ಮೊದಲು ತಾಗೋ ಹಂಗೆ ಅಗಲಕ್ಕೆ ಬೀಳಿ, ಮೇಲೆ ಬರೋವಾಗ ಎರಡೂ ಕೈ ತಲೆ ಮೇಲಿರಲಿ. ಬೋರ್ಡ್ ಯಾವತ್ತೂ ನಿಮಗೂ ಬರೋ ಅಲೆಗೂ ಮಧ್ಯೆ ಇರಬಾರದು, ಪಕ್ಕದಲ್ಲಿರಲಿ. ನೊರೆಯಲ್ಲಿ ಹತ್ತಕ್ಕೆ ಏಳು ಸಲ ನಿಂತು ದಡದವರೆಗೆ ಬರೋ ಹಂಗಾದ್ಮೇಲೆ ಒಡೆಯದ ಅಲೆ ಹಿಡಿಯೋಕೆ ಕೋಚ್ ಜೊತೆ ಹೊರಗೆ ಹೋಗಿ. ಅಲ್ಲಿ ಒಂದು ಅಲೆಗೆ ಒಬ್ಬರೇ, ಅಲೆ ಮೊದಲು ಒಡೆಯೋ ಜಾಗಕ್ಕೆ ಯಾರು ಹತ್ತಿರವೋ ಅಲೆ ಅವ್ರದು, ಮಧ್ಯೆ ನುಗ್ಗಿದ್ರೆ ಬೈಗುಳ ತುಳುವಲ್ಲಿ ಬೀಳುತ್ತೆ.

ಚಳಿಗಾಲದಲ್ಲಿ ಉಡುಪಿ ಕಡೆ ಬೀಚ್‌ಗಳಲ್ಲಿ ಊರವ್ರೆಲ್ಲ ಸೇರಿ ಕೈರಂಪಣಿ ಬಲೆ ಎಳೀತಾರೆ. ನೀರಲ್ಲಿ ಬಲೆಯ ತೇಲುಗುಂಡು ಕಂಡ್ರೆ ದೂರ ಹೋಗಿ, ಅದು ಅವ್ರ ಅನ್ನ. ಬಾಲದಲ್ಲಿ ವಿಷದ ಮುಳ್ಳಿರೋ ತೊರಕೆ ಮೀನು (ಸ್ಟಿಂಗ್‌ರೇ) ಮರಳಲ್ಲಿ ಹೂತು ಕೂತಿರುತ್ತೆ, ಕಾಲು ಎತ್ತೆತ್ತಿ ಇಡದೆ ಉಜ್ಕೊಂಡು ನಡೆದ್ರೆ ಅದೇ ಓಡಿಹೋಗುತ್ತೆ. ಜೆಲ್ಲಿಫಿಶ್ ತಾಗಿದ್ರೆ ಮರಳು ಹಾಕಿ ಉಜ್ಜಬೇಡಿ, ಸಿಹಿನೀರೂ ಬೇಡ, ಸಮುದ್ರದ ನೀರಲ್ಲೇ ತೊಳೀರಿ, ಉಸಿರಾಟಕ್ಕೆ ತೊಂದರೆ ಅನ್ಸಿದ್ರೆ ಸೀದಾ ಆಸ್ಪತ್ರೆಗೆ.

ಈಟಿ ಹಿಡಿದು ಮೀನು ಹೊಡೆಯೋ ಆಸೆ ಇದ್ರೆ

ರೀಲ್ಸ್ ನೋಡಿ ಸ್ಪಿಯರ್‌ಫಿಶಿಂಗ್ ಕೇಳೋರು ಜಾಸ್ತಿ ಆಗಿದಾರೆ. ನಮ್ ಕರಾವಳೀಲಿ ಅದಕ್ಕೆ ಕಷ್ಟ ಏನು ಅಂದ್ರೆ ದಡದ ಹತ್ತಿರ ನದಿಗಳು ತರೋ ಮಣ್ಣಿಗೆ ನೀರು ಮಬ್ಬು, ಕೈ ಚಾಚಿದ್ರೆ ಕೈಯೇ ಕಾಣಲ್ಲ, ಕಾಣದ ಕಡೆ ಈಟಿ ಬಿಡೋದು ಹುಚ್ಚುತನ. ನೀರು ತಿಳಿಯಾಗೋದು ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಕಡೆ, ಅದೂ ಡಿಸೆಂಬರ್‌ನಿಂದ ಫೆಬ್ರವರಿ, ಆದ್ರೆ ಅಲ್ಲಿಗೆ ಜನ ಹೋಗೋದು ಹವಳ, ಮೀನು ನೋಡೋಕೆ, ಹೊಡೆಯೋಕಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಿಮಿಂಗಿಲ ಶಾರ್ಕ್, ಸಮುದ್ರ ಕುದುರೆ, ದೈತ್ಯ ಗ್ರೂಪರ್ ಇಂಥವನ್ನ ಮುಟ್ಟಿದ್ರೆ ಜೈಲು, ನೀರೊಳಗೆ ಇದು ಅದೇ ಮೀನು ಅಂತ ಗುರುತಿಸೋ ಕಣ್ಣು ಹೊಸಬರಿಗಿರಲ್ಲ. ಆದ್ರಿಂದ ಈ ಸೀಸನ್ ಮಾಸ್ಕ್, ಉಸಿರಾಡೋ ಕೊಳವೆ ಸ್ನಾರ್ಕೆಲ್ ಅಷ್ಟೇ ಸಾಕು. ಮುಂದೆ ಮನಸ್ಸು ಮಾಡಿದ್ರೂ ಮೀನುಗಾರಿಕೆ ಇಲಾಖೆ ಆಫೀಸಲ್ಲಿ ಕೇಳ್ದೆ ಈಟಿ ಕೊಳ್ಳಬೇಡಿ.

ಒಂದು ವಿಷಯ ಮಾತ್ರ ಈಗ್ಲೇ ತಿಳ್ಕೊಳ್ಳಿ, ಯಾಕಂದ್ರೆ ಈಜುಕೊಳದಲ್ಲೂ ಹುಡುಗ್ರು ಈ ಆಟ ಆಡ್ತಾರೆ. ಮುಳುಗೋ ಮುಂಚೆ ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಟ್ರೆ ಜಾಸ್ತಿ ಹೊತ್ತು ನೀರಲ್ಲಿರಬೋದು ಅಂತ. ಉಸಿರು ಬೇಕು ಅಂತ ಮೈ ಒದ್ದಾಡೋದು ಕಾರ್ಬನ್ ಡೈಆಕ್ಸೈಡ್ ಏರಿದಾಗ. ಹಂಗೆ ಉಸಿರಾಡಿ ಅದನ್ನ ಮೊದಲೇ ಹೊರಗೆ ಹಾಕಿಬಿಟ್ರೆ ಒದ್ದಾಟನೇ ಬರಲ್ಲ, ಆಕ್ಸಿಜನ್ ಮಾತ್ರ ಮುಗಿದು ಸದ್ದಿಲ್ಲದೆ ಪ್ರಜ್ಞೆ ಹೋಗುತ್ತೆ, ಮೇಲಿದ್ದೋರಿಗೆ ಗೊತ್ತೂ ಆಗಲ್ಲ. ಒಬ್ಬ ಮುಳುಗಿದಾಗ ಇನ್ನೊಬ್ಬ ಮೇಲೆ ಕಣ್ಣಿಟ್ಟಿರಬೇಕು, ಒಬ್ಬಂಟಿ ಬೇಡ್ವೇ ಬೇಡ.

ನೀರಿಂದ ಬಂದ್ಮೇಲೆ ಸಿಹಿನೀರಲ್ಲಿ ಬೋರ್ಡ್, ಹಗ್ಗ, ಬಟ್ಟೆ ತೊಳೀರಿ, ಬೋರ್ಡನ್ನ ಬಿಸಿಲಲ್ಲಿ ಬಿಡಬೇಡಿ, ಫೋಮ್ ಉಬ್ಬುತ್ತೆ. ಸನ್‌ಸ್ಕ್ರೀನ್ ಕಿವಿ ಹಿಂದೆ, ಪಾದದ ಮೇಲೂ ಹಚ್ಚಿ, ಚಳಿಗಾಲ ಅಂತ ಬಿಸಿಲು ಬಿಡಲ್ಲ. ಕಿವೀಲಿ ನೀರು ನಿಂತ್ರೆ ತಲೆ ಓರೆ ಮಾಡಿ ಇಳಿಸಿ, ಕಡ್ಡಿ ಹಾಕ್ಬೇಡಿ. ಮಾರನೇ ದಿನ ಭುಜ, ಪಕ್ಕೆ ಎಲ್ಲಾ ಹಿಡ್ಕೊಂಡಿರುತ್ತೆ, ಆವತ್ತು ಅರ್ಧ ಗಂಟೆ ಮಾತ್ರ ಇಳಿದು ಎದ್ದುಬಿಡಿ, ಊಟಕ್ಕೆ ಬಂಗುಡೆ ಪುಳಿಮುಂಚಿ ಹೇಳಿ, ಸಂಜೆ ಬಸ್ಸಿಗೆ ಕಿಟಕಿ ಸೀಟ್ ಹಿಡೀರಿ.