ಆರರಿಂದ ಎಂಟನೇ ತರಗತಿಗೆ ಪ್ರಾಚೀನ ಗ್ರೀಸ್: ಪುರಾಣ, ಇತಿಹಾಸ ಎರಡನ್ನೂ ಒಟ್ಟಿಗೆ ಕಲಿಸುವ ಬಗೆ

11ರಿಂದ 14 ವರ್ಷದ ಮಕ್ಕಳಿಗೆ ಗ್ರೀಸ್ ಪಾಠ ಮಾಡುವವರು ಸಾಮಾನ್ಯವಾಗಿ ಎರಡರಲ್ಲೊಂದು ಕಡೆ ಜಾರುತ್ತಾರೆ. ಜ್ಯೂಸ್, ಮೆಡುಸಾ, ಟ್ರಾಯ್ ಕುದುರೆ ಅಂತ ಕಥೆಯಲ್ಲೇ ಮುಳುಗಿ ಕೊನೆಗೆ ಅಥೆನ್ಸಿನ ನಾಯಕ ಪೆರಿಕ್ಲೀಸ್‌ಗೆ ಅರ್ಧ ಪೀರಿಯಡ್ ಉಳಿಸಿಕೊಳ್ಳುವುದು ಒಂದು. ಇಸವಿಗಳ ಪಟ್ಟಿ ಬರೆಸಿ, ಕಥೆಗಳನ್ನು ಬಿಡುವಾದಾಗ ಓದಿಕೊಳ್ಳಿ ಅಂದುಬಿಡುವುದು ಇನ್ನೊಂದು. ಎರಡನ್ನೂ ಜೊತೆಯಾಗಿ ಸಾಗಿಸಬೇಕಾದರೆ ಮೊದಲ ದಿನದಿಂದ ಮಕ್ಕಳ ಬಾಯಲ್ಲಿ ಒಂದು ಪ್ರಶ್ನೆ ರೂಢಿಯಾಗಬೇಕು: ಇದನ್ನು ಹೇಳಿದವರು ಯಾರು, ನಡೆದು ಎಷ್ಟು ವರ್ಷದ ಮೇಲೆ ಹೇಳಿದರು? ಈ ಪ್ರಶ್ನೆ ಹರ್ಕ್ಯುಲೀಸನಿಗೂ ಕೇಳಬಹುದು, ಮ್ಯಾರಥಾನ್ ಕದನಕ್ಕೂ ಕೇಳಬಹುದು. ಕೆಳಗಿನ ಇಡೀ ಯೋಜನೆ ನಿಂತಿರುವುದು ಅದರ ಮೇಲೆ.

45 ನಿಮಿಷದ 15 ಪೀರಿಯಡ್ ಇದ್ದರೆ ಸಾಕು. ನಕ್ಷೆ ಮತ್ತು ಕಾಲರೇಖೆಗೆ 2, ಪುರಾಣಕ್ಕೆ 4, ಸ್ಪಾರ್ಟಾಗೆ 1, ಅಥೆನ್ಸಿನ ಪ್ರಜಾಪ್ರಭುತ್ವಕ್ಕೆ 4, ಪರ್ಷಿಯನ್ ಯುದ್ಧಗಳಿಗೆ 2, ಪೆಲೊಪೊನೀಸಿಯನ್ ಯುದ್ಧಕ್ಕೆ 1, ಅಲೆಕ್ಸಾಂಡರನಿಗೆ 1. ಅಲೆಕ್ಸಾಂಡರನಿಗೆ ಒಂದೇ ಪೀರಿಯಡ್ ಕಡಿಮೆಯಾಯಿತು ಅನ್ನಿಸಬಹುದು. ಅವನ ಮೆರವಣಿಗೆ ಹಿಡಿದು ಹೊರಟರೆ ಗ್ರೀಸ್ ಹಿಂದೆಯೇ ಉಳಿದುಹೋಗುತ್ತದೆ, ಆದ್ದರಿಂದ ಅಷ್ಟೇ ಇರಲಿ.

ಹಗ್ಗದ ಕಾಲರೇಖೆ

15 ಮೀಟರ್ ಹಗ್ಗ ತನ್ನಿ. ಒಂದು ಸೆಂಟಿಮೀಟರ್‌ಗೆ ಒಂದು ವರ್ಷ. ಮೈಸೀನೆಯ ರಾಜರ ಕಾಲವಾದ ಕ್ರಿ.ಪೂ. 1600ರಿಂದ, ರೋಮನ್ನರು ಕಾರಿಂತ್ ನಗರವನ್ನು ನೆಲಸಮ ಮಾಡಿದ ಕ್ರಿ.ಪೂ. 146ರವರೆಗೆ 14 ಮೀಟರ್ 54 ಸೆಂಟಿಮೀಟರ್ ಆಗುತ್ತದೆ. ತರಗತಿಯೊಳಗೆ ಹಿಡಿಸುವುದಿಲ್ಲ, ಪಡಸಾಲೆಯಲ್ಲಿ ಕಟ್ಟಿ. 1600ರ ತುದಿಯಿಂದ ಅಳೆದು ಬಟ್ಟೆ ಕ್ಲಿಪ್‌ನಲ್ಲಿ ಚೀಟಿ ಸಿಕ್ಕಿಸುತ್ತಾ ಹೋಗಿ: ಮೈಸೀನೆಯ ಅರಮನೆಗಳು ಹಾಳಾದ ಕಾಲ, ಸುಮಾರು 1200, 4 ಮೀಟರ್‌ಗೆ, ಮೊದಲ ಒಲಿಂಪಿಕ್ಸ್ ಎಂದು ಗ್ರೀಕರು ಲೆಕ್ಕ ಇಟ್ಟ 776, 8.24 ಮೀಟರ್‌ಗೆ, ಅಥೆನ್ಸಿನ ಪ್ರಜಾಪ್ರಭುತ್ವಕ್ಕೆ ಬುನಾದಿ ಹಾಕಿದ ಕ್ಲೈಸ್ಥೆನೀಸನ ಸುಧಾರಣೆ, 508, 10.92ಕ್ಕೆ, ಮ್ಯಾರಥಾನ್, 490, 11.10ಕ್ಕೆ; ಅಲೆಕ್ಸಾಂಡರನ ಸಾವು, 323, 12.77ಕ್ಕೆ.

ಈಗ ಮಕ್ಕಳನ್ನು ಹಗ್ಗದುದ್ದಕ್ಕೂ ನಡೆಸಿ. 1200ರ ನಂತರ ಸುಮಾರು 4 ಮೀಟರ್ ಹೆಚ್ಚುಕಡಿಮೆ ಖಾಲಿ. ಯಾಕೆ ಎಂದು ಅವರೇ ಕೇಳುತ್ತಾರೆ. ಅರಮನೆಗಳ ಜೊತೆಗೆ ಲೀನಿಯರ್ ಬಿ ಎಂಬ ಬರಹವೂ ಮರೆತುಹೋಯಿತು. ಫಿನೀಷಿಯನ್ನರ ಅಕ್ಷರಗಳನ್ನು ಒಗ್ಗಿಸಿಕೊಂಡು ಗ್ರೀಕರು ಮತ್ತೆ ಬರೆಯತೊಡಗಿದ್ದು ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ. ಆಮೇಲೆ ಟ್ರಾಯ್ ಪತನಕ್ಕೆ ಗ್ರೀಕ್ ವಿದ್ವಾಂಸ ಎರಟೊಸ್ಥೆನೀಸ್ ಲೆಕ್ಕ ಹಾಕಿ ಕೊಟ್ಟ ವರ್ಷವಾದ 1184ರಲ್ಲಿ ಒಬ್ಬರನ್ನೂ, ಹೋಮರನ ಕಾವ್ಯಗಳು ರೂಪುಗೊಂಡ ಸುಮಾರು 700ರಲ್ಲಿ ಇನ್ನೊಬ್ಬರನ್ನೂ ನಿಲ್ಲಿಸಿ. ನಡುವೆ ಹತ್ತಿರ ಹತ್ತಿರ 5 ಮೀಟರ್ ಅಂತರ. ಕ್ರಿ.ಶ. 100ರ ಆಸುಪಾಸಿನಲ್ಲಿ ಹಳೆಯ ಗ್ರೀಕರ ಜೀವನಚರಿತ್ರೆಗಳನ್ನು ಬರೆದ ಪ್ಲುಟಾರ್ಕನ ಚೀಟಿಗೆ ಹಗ್ಗವೇ ಸಾಲದು. 146ರ ಗುರುತಿನಿಂದ ಎರಡೂವರೆ ಮೀಟರ್ ಆಚೆ ಗೋಡೆಗೆ ಅಂಟಿಸಿ, ಘಟಕ ಮುಗಿಯುವವರೆಗೂ ತೆಗೆಯಬೇಡಿ.

ಇಲ್ಲಿ ಆಗುವ ತಪ್ಪು ಎರಡು. ಕ್ರಿ.ಪೂ. ಎಣಿಕೆ ಹಿಮ್ಮುಖ ಎಂಬುದು ಬಾಯಿಗೆ ಬಂದರೂ ಕೈಗೆ ಬರುವುದಿಲ್ಲ: 480ನ್ನು 490ರ ಎಡಕ್ಕೆ ಸಿಕ್ಕಿಸುತ್ತಾರೆ. ಮೊದಲ ಐದು ಚೀಟಿಗಳನ್ನು ಅವರ ಕೈಯಲ್ಲೇ ಹಾಕಿಸಿದರೆ ಇದು ಹೋಗುತ್ತದೆ. ಎರಡನೆಯದು ಸೊನ್ನೆಯ ವರ್ಷ. ಅಂಥದ್ದೊಂದು ಇಲ್ಲ, ಕ್ರಿ.ಪೂ. 1 ಆದ ಮೇಲೆ ನೇರ ಕ್ರಿ.ಶ. 1. ಹಾಗಾಗಿ ಕ್ರಿ.ಪೂ. 490ರಿಂದ ಕ್ರಿ.ಶ. 10ಕ್ಕೆ 499 ವರ್ಷ. ಮ್ಯಾರಥಾನ್ ಕದನಕ್ಕೆ 2500 ವರ್ಷ ತುಂಬಿದ್ದೂ 2010ರಲ್ಲಲ್ಲ, 2011ರಲ್ಲಿ.

ನಕ್ಷೆಗೆ ಇಷ್ಟೇ ಮಾತು: ಅಚ್ಚಾದ ನಕ್ಷೆ ಕೊಟ್ಟು ಬಣ್ಣ ತುಂಬಿಸಬೇಡಿ. ಬೆಟ್ಟಗಳನ್ನು ಮೊದಲು ಬರೆಸಿ, ಊರುಗಳನ್ನು ಆಮೇಲೆ. ಅಥೆನ್ಸ್, ಸ್ಪಾರ್ಟಾ, ಥೀಬ್ಸ್, ಕಾರಿಂತ್ ಬೇರೆ ಬೇರೆ ರಾಜ್ಯಗಳು, ಗ್ರೀಸ್ ಎಂಬ ಒಂದು ದೇಶ ಆಗ ಇರಲಿಲ್ಲ ಎಂಬುದು ಆಗ ತಾನಾಗಿ ತಲೆಗೆ ಹೋಗುತ್ತದೆ.

ಪುರಾಣ: ಐದೇ ಕಥೆ ಸಾಕು

ಹನ್ನೆರಡು ಒಲಿಂಪಿಯನ್ ದೇವತೆಗಳ ಪಟ್ಟಿ ಬಾಯಿಪಾಠ ಮಾಡಿಸುವುದರಲ್ಲಿ ಲಾಭವಿಲ್ಲ. ಒಂದು ಜಾಗಕ್ಕೋ, ಪೂಜೆಗೋ, ಬದುಕಿನ ಕಟ್ಟಳೆಗೋ ತಳುಕು ಹಾಕಿಕೊಂಡ ಕಥೆಗಳನ್ನು ಆರಿಸಿ. ಡಿಮೀಟರ್ ಮತ್ತು ಪರ್ಸೆಫೋನೆಯ ಕಥೆ ಎಲ್ಯೂಸಿಸ್‌ನ ರಹಸ್ಯ ವಿಧಿಗಳಿಗೆ ಕರೆದೊಯ್ಯುತ್ತದೆ. ಅಥೀನಾ ಮತ್ತು ಪೊಸೈಡನ್ ನಗರಕ್ಕಾಗಿ ಸ್ಪರ್ಧಿಸಿದ್ದು ಪಾರ್ಥೆನಾನ್ ದೇಗುಲದ ಪಶ್ಚಿಮ ಮುಂಭಾಗದಲ್ಲೇ ಕೆತ್ತಲ್ಪಟ್ಟಿತ್ತು. ಥೀಸಿಯಸ್ ಮತ್ತು ಮಿನೋಟಾರ್ ಹಿಡಿದು, 1900ರಲ್ಲಿ ಆರ್ಥರ್ ಇವಾನ್ಸ್ ಅಗೆಯಲು ಶುರುಮಾಡಿದ, ಕ್ರೀಟ್ ದ್ವೀಪದ ಕ್ನೋಸಸ್ ಅರಮನೆಗೆ ಹೋಗಬಹುದು. ಪ್ರೊಮೀಥಿಯಸ್ ಬೆಂಕಿ ಕದ್ದದ್ದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮುಂಚೆ ಅವನು ಮೂಳೆಗೆ ಕೊಬ್ಬು ಸುತ್ತಿ ಜ್ಯೂಸ್‌ನ ಮುಂದಿಟ್ಟ ಭಾಗವನ್ನು ಬಿಡಬೇಡಿ. ಬಲಿ ಕೊಟ್ಟಾಗ ಮಾಂಸ ಜನರಿಗೆ, ಮೂಳೆ ದೇವರಿಗೆ ಯಾಕೆ ಎಂಬುದಕ್ಕೆ ಗ್ರೀಕರು ಕೊಟ್ಟುಕೊಂಡ ವಿವರಣೆ ಅದು. ಐದನೆಯದು ಒಡಿಸ್ಸಿಯ ಒಕ್ಕಣ್ಣ ದೈತ್ಯ ಪಾಲಿಫೀಮಸ್. ಅವನ ಜನಕ್ಕೆ ಸಭೆಯಿಲ್ಲ, ಕಾನೂನಿಲ್ಲ, ಅತಿಥಿಯನ್ನು ಸತ್ಕರಿಸುವ ಬದಲು ತಿನ್ನುತ್ತಾನೆ. ಗ್ರೀಕರು ತಮ್ಮ ನಗರವನ್ನು ಹೇಗೆ ಕಾಣುತ್ತಿದ್ದರು ಎಂಬುದನ್ನು ತಲೆಕೆಳಗಾಗಿ ತೋರಿಸುವ ಕಥೆ; ಪ್ರಜಾಪ್ರಭುತ್ವದ ಪಾಠಕ್ಕೆ ಹತ್ತಿರವಾಗುವಂತೆ ಐದು ಕಥೆಗಳಲ್ಲಿ ಕೊನೆಯದಾಗಿ ಹೇಳಿ.

ಒಂದು ಕಥೆಯನ್ನಾದರೂ ಎರಡು ಪಾಠಾಂತರದಲ್ಲಿ ಹೇಳಿ. ಮೆಡುಸಾ ಇದಕ್ಕೆ ಹೇಳಿಮಾಡಿಸಿದ ಹಾಗಿದ್ದಾಳೆ: ಹಳೆಯ ಗ್ರೀಕ್ ಕವಿ ಹೀಸಿಯಡ್‌ನಲ್ಲಿ ಅವಳು ಗಾರ್ಗನ್ ಸೋದರಿಯರಲ್ಲಿ ಒಬ್ಬಳು, ಅಷ್ಟೇ. ಸುಂದರಿಯಾಗಿದ್ದವಳು ಶಾಪದಿಂದ ಹಾವಿನ ಕೂದಲಿನವಳಾದ ಕಥೆ ಏಳು ಶತಮಾನಗಳಷ್ಟು ಈಚಿನ ರೋಮನ್ ಕವಿ ಓವಿಡ್‌ನದು. "ಸರಿಯಾದದ್ದು ಯಾವುದು?" ಎಂದು ಮಕ್ಕಳು ಪೀಡಿಸುತ್ತಾರೆ. ಗ್ರೀಕರಿಗೆ ಒಂದೇ ಧರ್ಮಗ್ರಂಥ ಇರಲಿಲ್ಲ, ಕವಿಗೊಂದು ಕಥೆ, ಊರಿಗೊಂದು ಕಥೆ ಎಂದು ಹೇಳಿ ಹಗ್ಗದ ಕಡೆ ಕೈ ತೋರಿಸಿ.

ಅಪಹರಣ, ಬಲಾತ್ಕಾರದ ಪ್ರಸಂಗಗಳು ಈ ಕಥೆಗಳಲ್ಲಿ ಹೆಜ್ಜೆಹೆಜ್ಜೆಗೂ ಇವೆ. "ಜ್ಯೂಸ್ ಪ್ರೀತಿಸಿದ" ಎಂದು ಸಕ್ಕರೆ ಲೇಪಿಸಿದರೆ ಮಕ್ಕಳು ತಪ್ಪು ಪಾಠ ಕಲಿಯುತ್ತಾರೆ. "ಅವಳ ಒಪ್ಪಿಗೆಯಿಲ್ಲದೆ ಎತ್ತಿಕೊಂಡು ಹೋದ" ಎಂಬ ಒಂದು ನೇರ ವಾಕ್ಯ ಸಾಕು, ವಿವರ ಬೇಡ. ಈ ವಾಕ್ಯ ಹೇಳಲು ನಿಮಗೇ ಮುಜುಗರವಾಗುವ ಕಥೆಯಿದ್ದರೆ ಅದನ್ನು ಆರಿಸಲೇಬೇಡಿ.

ಪುರಾಣದ ಕೊನೆಯ ಪೀರಿಯಡ್‌ನಲ್ಲಿ ಒಂದೇ ಒಂದು ಚಿತ್ರ ತೋರಿಸಿ. ವ್ಯಾಟಿಕನ್ ಮ್ಯೂಸಿಯಂನಲ್ಲಿರುವ, ಅಥೆನ್ಸಿನ ಕುಂಬಾರ-ಚಿತ್ರಕಾರ ಎಕ್ಸೇಕಿಯಾಸ್ ಸುಮಾರು ಕ್ರಿ.ಪೂ. 530ರ ಹೊತ್ತಿಗೆ ಬರೆದ ಹೂಜಿಯ ಚಿತ್ರ ಅತ್ಯುತ್ತಮ. ಟ್ರಾಯ್ ಯುದ್ಧದ ವೀರರಾದ ಅಕಿಲೀಸ್, ಏಜಾಕ್ಸ್ ಇಬ್ಬರೂ ಎದುರುಬದುರು ಕೂತು ಆಟ ಆಡುತ್ತಿದ್ದಾರೆ. ಐದು ನಿಮಿಷ ಯಾರೂ ಮಾತಾಡದೆ ನೋಡಲಿ, ಕಂಡದ್ದನ್ನಷ್ಟೇ ಬರೆಯಲಿ. ಇಬ್ಬರ ಕೈಯಲ್ಲೂ ಈಟಿ ಇದೆ, ಅಂದರೆ ಯುದ್ಧದ ನಡುವಿನ ಬಿಡುವು. ಎಡಗಡೆಯವನು ಶಿರಸ್ತ್ರಾಣ ತೊಟ್ಟೇ ಇದ್ದಾನೆ, ಬಲಗಡೆಯವನದು ಹಿಂದೆ ಗುರಾಣಿಯ ಮೇಲಿದೆ. ಬಾಯಿಯ ಹತ್ತಿರ ಅಕ್ಷರಗಳಿವೆ: ಅಕಿಲೀಸ್ "ನಾಲ್ಕು" ಅನ್ನುತ್ತಾನೆ, ಏಜಾಕ್ಸ್ "ಮೂರು". ಗೆಲ್ಲುತ್ತಿರುವವರು ಯಾರೆಂದು ಗೊತ್ತಾದಾಗ ತರಗತಿ ಗಲಗಲ ಅನ್ನುತ್ತದೆ. ಆಮೇಲೆ ಹೇಳಿ: ಈ ಪ್ರಸಂಗ ಹೋಮರನಲ್ಲಿ ಇಲ್ಲವೇ ಇಲ್ಲ. ಟ್ರಾಯ್ ಕುದುರೆಯೂ ಇಲಿಯಡ್‌ನಲ್ಲಿಲ್ಲ. ಅದು ಹೆಕ್ಟರನ ಅಂತ್ಯಸಂಸ್ಕಾರಕ್ಕೆ ಮುಗಿಯುತ್ತದೆ, ಕುದುರೆ ಬರುವುದು ಒಡಿಸ್ಸಿಯಲ್ಲಿ.

ಸ್ಪಾರ್ಟಾ

ಸಿನಿಮಾ, ವಿಡಿಯೋ ಗೇಮ್ ನೋಡಿ ಬಂದ ಮಕ್ಕಳಿಗೆ ಸ್ಪಾರ್ಟಾ ಅಂದರೆ ಪ್ರಾಣ. ಆ ಹುಮ್ಮಸ್ಸಿಗೆ ತಣ್ಣೀರೆರಚುವ ಬದಲು ಒಂದು ಅಂಕಿ ಕೊಡಿ: ಪರ್ಷಿಯನ್ನರ ವಿರುದ್ಧ ನಡೆದ ಕ್ರಿ.ಪೂ. 479ರ ಪ್ಲಟೀಯ ಕದನಕ್ಕೆ 5,000 ಸ್ಪಾರ್ಟನ್ನರ ಜೊತೆ 35,000 ಹೆಲಟ್‌ಗಳು, ಅಂದರೆ ಸ್ಪಾರ್ಟಾದ ಜೀತದಾಳುಗಳು, ಬಂದಿದ್ದರೆಂದು ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಒಬ್ಬನಿಗೆ ಏಳು ಜನ. ಹೊಲ ಉಳುತ್ತಿದ್ದವರು ಯಾರು, ಸೈನಿಕನಿಗೆ ದಿನವಿಡೀ ಕವಾಯತು ಮಾಡಲು ಪುರುಸೊತ್ತು ಎಲ್ಲಿಂದ ಬಂತು ಎಂಬ ಚರ್ಚೆ ತಾನೇ ಹುಟ್ಟುತ್ತದೆ. ದುರ್ಬಲ ಶಿಶುಗಳನ್ನು ಎಸೆಯುತ್ತಿದ್ದರಂತೆ ಎಂದು ಯಾರಾದರೂ ಎದ್ದು ನಿಂತು ಹೇಳಿಯೇ ಹೇಳುತ್ತಾರೆ. ಹೇಳಿದವನು ಪ್ಲುಟಾರ್ಕ್. ಅವನ ಚೀಟಿ ಎಲ್ಲಿದೆ ನೋಡಿಕೊಂಡು ಬಾ ಎಂದು ಕಳಿಸಿ.

ಬೋಕಿಯ ಮತದಾನ

ನಾಲ್ಕು ಪೀರಿಯಡ್‌ಗಳಲ್ಲಿ ಮೊದಲನೆಯದು ಯಾರಿಗೆ ಮತವಿತ್ತು ಎಂಬುದಕ್ಕೆ. 30 ಮಕ್ಕಳಿದ್ದರೆ 30 ಚೀಟಿ ಹಂಚಿ. ನಾಲ್ಕೈದರಲ್ಲಿ ಮಾತ್ರ "ನಾಗರಿಕ" ಎಂದಿರಲಿ, ಉಳಿದವು ಹೆಂಗಸರು, ಮಕ್ಕಳು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರು. ನಾಗರಿಕರು ಎದ್ದು ನಿಲ್ಲಲಿ. ಅಷ್ಟಕ್ಕೇ ನಿಲ್ಲಿಸಿ. ಗುಲಾಮರ ಹರಾಜು, ಯಜಮಾನ-ಆಳು ಎಂಬ ನಾಟಕ ಬೇಡವೇ ಬೇಡ. ಯಾವುದೋ ಮಗು ತಿಂಗಳುಗಟ್ಟಲೆ ಆ ಹೆಸರು ಹೊತ್ತು ತಿರುಗಬೇಕಾಗುತ್ತದೆ.

ಎರಡನೆಯದರಲ್ಲಿ ಲಾರಿಯಮ್ ಗಣಿಯ ಬೆಳ್ಳಿ. ಕ್ರಿ.ಪೂ. 483ರ ಸುಮಾರಿಗೆ ಸಿಕ್ಕ ಆ ಹಣವನ್ನು ತಲೆಗೆ 10 ಡ್ರಾಕ್ಮಾ ಬೆಳ್ಳಿ ನಾಣ್ಯದಂತೆ ಹಂಚಬೇಕೋ, ಅಥೆನ್ಸಿನ ನಾಯಕ ಥೆಮಿಸ್ಟೊಕ್ಲೀಸ್ ಹೇಳಿದಂತೆ ಹಡಗು ಕಟ್ಟಬೇಕೋ? ಎಲ್ಲರಿಗೂ ಮತ ಕೊಡಿ, ವಾದ ಮಾಡಿಸಿ. ಅಥೆನ್ಸಿನ ನ್ಯಾಯಾಲಯದ ಹಾಗೆ ಮಾತಿನ ಹೊತ್ತನ್ನು ನೀರಿನಿಂದ ಅಳೆಯಿರಿ: ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಮುಚ್ಚಳಕ್ಕೆ 3 ಮಿಲಿಮೀಟರ್ ತೂತು ಕೊರೆದು, ತಲೆಕೆಳಗೆ ಹಿಡಿದು ಅರ್ಧ ಲೀಟರ್ ನೀರು ಹಾಕಿದರೆ ಎರಡು ಮೂರು ನಿಮಿಷ ಸಿಗುತ್ತದೆ. ತಳ ಕತ್ತರಿಸದಿದ್ದರೆ ಗಾಳಿ ಒಳಹೋಗದೆ ನೀರು ತಡೆತಡೆದು ಬೀಳುತ್ತದೆ. ಮಟ್ಟ ಇಳಿದಂತೆ ಹರಿವೂ ನಿಧಾನವಾಗುವುದರಿಂದ "ಅರ್ಧ ನೀರು" ಅಂದರೆ ಅರ್ಧ ಹೊತ್ತಲ್ಲ. ಮೊದಲೇ ಗಡಿಯಾರ ಹಿಡಿದು ಗುರುತು ಹಾಕಿಕೊಳ್ಳಿ.

ಮೂರನೆಯದು ಬಹಿಷ್ಕಾರ. ಮಡಕೆಯ ಬೋಕಿಯ ಮೇಲೆ ಹೆಸರು ಗೀಚಿ, ಒಬ್ಬನನ್ನು 10 ವರ್ಷ ಊರಾಚೆ ಕಳಿಸುವ ಪದ್ಧತಿ, ಆಸ್ತಿ ಮುಟ್ಟುವಂತಿರಲಿಲ್ಲ. ನಿಜವಾದ ಬೋಕಿಯ ಅಂಚು ಕೈ ಕೊಯ್ಯುತ್ತದೆ. ದಪ್ಪ ರಟ್ಟಿನ ತುಂಡಿಗೆ ಕಿತ್ತಳೆ ಮೇಣದ ಬಳಪ ಒತ್ತಿ ಬಳಿದು, ಮೇಲೆ ಕಪ್ಪು ಪೋಸ್ಟರ್ ಬಣ್ಣ ಹಚ್ಚಿ ಒಣಗಿಸಿ, ಹಲ್ಲುಕಡ್ಡಿಯಿಂದ ಗೀಚಿಸಿ. ಬಣ್ಣಕ್ಕೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸದಿದ್ದರೆ ಮೇಣದ ಮೇಲೆ ನಿಲ್ಲದೆ ಗುಳ್ಳೆಗುಳ್ಳೆಯಾಗುತ್ತದೆ. ಹೆಸರುಗಳು ಎರಡೇ: ಥೆಮಿಸ್ಟೊಕ್ಲೀಸ್, ಅವನ ಎದುರಾಳಿ ಅರಿಸ್ಟೈಡೀಸ್. ಸಹಪಾಠಿಗಳ ಹೆಸರಿಗೆ ಅವಕಾಶ ಕೊಟ್ಟಿರೋ, ಪಾಠ ಅಲ್ಲಿಗೆ ಕೆಟ್ಟಿತು. ಅಥೆನ್ಸಿನಲ್ಲಿ 6,000 ಮತ ಬೇಕಿತ್ತು. 30 ಜನರ ತರಗತಿಗೆ 20 ಇಟ್ಟುಕೊಳ್ಳಿ.

ಮುಖ್ಯವಾದ ಕಿತಾಪತಿ ಒಂದಿದೆ. ಹಿಂದಿನ ದಿನವೇ ನೀವೊಬ್ಬರೇ ಎಂಟು ತುಂಡುಗಳ ಮೇಲೆ "ಥೆಮಿಸ್ಟೊಕ್ಲೀಸ್" ಎಂದು ಬರೆದಿಟ್ಟು, ಬಾಗಿಲಲ್ಲಿ ಒಬ್ಬರ ಕೈಯಿಂದ "ನಿನಗೆ ಬರೆಯುವ ತಾಪತ್ರಯ ಯಾಕೆ, ತಗೋ" ಎಂದು ಹಂಚಿಸಿ. ಎಣಿಕೆಯಾದ ಮೇಲೆ ಎಲ್ಲವನ್ನೂ ಮೇಜಿನ ಮೇಲೆ ಹರವಿ ಅಕ್ಷರ ಹೋಲಿಸಲು ಹೇಳಿ. ಒಂದೇ ಕೈಬರಹ ಪತ್ತೆಯಾದಾಗ ವಿಷಯ ಬಿಚ್ಚಿಡಿ: ಅಕ್ರೊಪೊಲಿಸ್‌ನ ಉತ್ತರ ಇಳಿಜಾರಿನ ಬಾವಿಯಲ್ಲಿ ಥೆಮಿಸ್ಟೊಕ್ಲೀಸನ ಹೆಸರಿನ ಸುಮಾರು 190 ಬೋಕಿಗಳು ಸಿಕ್ಕಿವೆ, ಬರೆದ ಕೈಗಳು ಹದಿನಾಲ್ಕೇ. ಕ್ರಿ.ಪೂ. 482ರಲ್ಲಿ ನಿಜಕ್ಕೂ ಊರು ಬಿಟ್ಟವನು ಅರಿಸ್ಟೈಡೀಸ್. ಬರಹ ಬಾರದ ಒಬ್ಬ ಅವನ ಕೈಯಲ್ಲೇ ಅವನ ಹೆಸರು ಬರೆಸಿಕೊಂಡ ಕಥೆಯೂ ಇದೆ. ಅದನ್ನು ಹೇಳಿದವನು ಯಾರೆಂದು ಈ ಹೊತ್ತಿಗೆ ಮಕ್ಕಳೇ ಊಹಿಸುತ್ತಾರೆ, ಸರಿಯಾಗಿಯೇ. ನಾಲ್ಕನೆಯ ಪೀರಿಯಡ್ ಇದರ ಚರ್ಚೆಗೆ ಬೇಕಾಗುತ್ತದೆ, ಉಳಿಸಿಕೊಳ್ಳಿ.

ಯುದ್ಧಗಳು, ಪರೀಕ್ಷೆ

ಮ್ಯಾರಥಾನ್‌ನಿಂದ ಅಥೆನ್ಸಿಗೆ ಓಡಿ "ಗೆದ್ದೆವು" ಎಂದು ಸತ್ತವನ ಕಥೆ ಎಲ್ಲರಿಗೂ ಗೊತ್ತು. ಕದನವಾದ ಎರಡು ತಲೆಮಾರಿನೊಳಗೆ ಬರೆದ ಹೆರೊಡೋಟಸ್‌ನಲ್ಲಿ ಓಟಗಾರ ಹೋಗುವುದು ಸ್ಪಾರ್ಟಾಗೆ, ಸಹಾಯ ಕೇಳಲು, ಸುಮಾರು 240 ಕಿಲೋಮೀಟರ್. ಥರ್ಮೊಪಿಲೆಯಲ್ಲಿ 300 ಸ್ಪಾರ್ಟನ್ನರ ಜೊತೆ ಕೊನೆಯವರೆಗೂ ನಿಂತ 700 ಥೆಸ್ಪಿಯನ್ನರನ್ನು ಹೆಸರಿಸಿ. ಅಥೆನ್ಸ್, ಸ್ಪಾರ್ಟಾ ನಡುವಿನ ಪೆಲೊಪೊನೀಸಿಯನ್ ಯುದ್ಧಕ್ಕೆ (ಕ್ರಿ.ಪೂ. 431–404) ಕ್ರಿ.ಪೂ. 430ರ ಅಥೆನ್ಸಿನ ಪಿಡುಗನ್ನು ಹಿಡಿಯಿರಿ. ಅದನ್ನು ಬರೆದ ಥುಸಿಡಿಡೀಸ್‌ಗೆ ಸ್ವತಃ ಆ ಕಾಯಿಲೆ ತಗುಲಿತ್ತು, ಹಾಗಾಗಿ ಹಗ್ಗದ ಮೇಲೆ ಘಟನೆಗೂ ಬರಹಗಾರನಿಗೂ ಅಂತರವೇ ಇಲ್ಲ.

ಪರೀಕ್ಷೆಯಲ್ಲಿ ಇಸವಿ ಕೇಳುವ ಬದಲು ಒಂದು ಹೇಳಿಕೆ ಕೊಡಿ, 10 ಅಂಕ: ಹೇಳಿದವರು ಯಾರು ಎಂಬುದಕ್ಕೆ 3, ಎಷ್ಟು ವರ್ಷದ ಅಂತರ ಎಂಬುದಕ್ಕೆ 3, ಬೇರೆ ಯಾವ ಪುರಾವೆ ಇದ್ದರೆ ನಂಬಿಕೆ ಹೆಚ್ಚುತ್ತದೆ ಎಂಬುದಕ್ಕೆ 4. "ಪ್ಲುಟಾರ್ಕ್ ತಡವಾಗಿ ಬರೆದ, ಆದ್ದರಿಂದ ಸುಳ್ಳು" ಎಂಬ ಉತ್ತರ ಹೇರಳವಾಗಿ ಬರುತ್ತದೆ. ಅದಕ್ಕೆ ಪೂರ್ತಿ ಅಂಕ ಕೊಡಬೇಡಿ: ಈಗ ಕಳೆದುಹೋದ ಹಳೆಯ ಪುಸ್ತಕಗಳು ಅವನ ಕೈಯಲ್ಲಿದ್ದವು.