ಕೋಳಿ ಲಿವರ್‌ನಿಂದ ಡಿಎನ್‌ಎ: ಎಳೆ ಬರಬೇಕಾದರೆ

ವಿಜ್ಞಾನ ವಸ್ತುಪ್ರದರ್ಶನಕ್ಕೆ ಬಾಳೆಹಣ್ಣಿನ ಡಿಎನ್‌ಎ ಎಲ್ಲರೂ ತೆಗೆಯುತ್ತಾರೆ. ಧಾರವಾಡದಲ್ಲಿ ನಾನು ಮಕ್ಕಳಿಂದ ಮಾಡಿಸುವುದು ಕೋಳಿ ಲಿವರ್‌ನಲ್ಲಿ. ಬರೀ ಮಾಂಸದ ತುಂಡಿಗಿಂತ ಅದು ಮೆತ್ತಗೆ, ಡಿಎನ್‌ಎ ಇರುವ ಕೋಶಕೇಂದ್ರಗಳೂ ಅದರಲ್ಲಿ ಹೆಚ್ಚು. ಕೋಳಿಯ ಕೆಂಪು ರಕ್ತಕಣಕ್ಕೆ ಕೋಶಕೇಂದ್ರ ಇದೆ, ಆಡಿನದಕ್ಕೆ ಇಲ್ಲ. ಹಾಗಾಗಿ ಲಿವರ್‌ನಲ್ಲಿ ಉಳಿದ ರಕ್ತವೂ ಉಪಯೋಗಕ್ಕೇ ಬರುತ್ತದೆ, ತೊಳೆಯುತ್ತ ಕೂರಬೇಕಿಲ್ಲ. ಅಂಟಿಕೊಂಡ ಹಸಿರು ಪಿತ್ತದ ಚೀಲವನ್ನು ಮಾತ್ರ ಒಡೆಯದಂತೆ ಕಿತ್ತುಹಾಕಿಸಿ.

ಲಿವರ್ ಅವತ್ತೇ ಕೊಯ್ದ ಕೋಳಿಯದಾಗಿರಲಿ. ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳು ಅದರೊಳಗೇ ಇರುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಹುಬ್ಬಳ್ಳಿಯಿಂದ ಚೀಲದಲ್ಲಿ ಹಾಗೇ ತಂದರೆ ಅವು ಕೆಲಸ ಶುರುಮಾಡಿಬಿಡುತ್ತವೆ. ಐಸ್ ಮೇಲೆ ಇಟ್ಟು ತನ್ನಿ.

50 ಗ್ರಾಂ ಲಿವರ್, 100 ಮಿಲಿ ಐಸ್ ನೀರು, ಅರ್ಧ ಚಮಚ ಉಪ್ಪು. ಮಿಕ್ಸರ್‌ನಲ್ಲಿ 10 ಸೆಕೆಂಡು, ಅಷ್ಟೇ. ಹೆಚ್ಚಿನವರು ಕೆಡಿಸುವುದು ಇಲ್ಲಿಯೇ: ಚಟ್ನಿಯಂತೆ ನುಣ್ಣಗೆ ತಿರುವಿದರೆ ಉದ್ದನೆಯ ಎಳೆಗಳು ತುಂಡಾಗುತ್ತವೆ, ಕೊನೆಗೆ ಗಾಜಿನ ಕಡ್ಡಿಗೆ ಸುತ್ತಿಕೊಳ್ಳುವುದೇ ಇಲ್ಲ. ಚಹಾ ಸೋಸುವ ಜಾಳಿಗೆಯಲ್ಲಿ ಸೋಸಿ, 60 ಮಿಲಿ ರಸಕ್ಕೆ 10 ಮಿಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ನೊರೆ ಏಳದಂತೆ ಚಮಚವನ್ನು ನಿಧಾನ ತಿರುಗಿಸಿ 10 ನಿಮಿಷ ಬಿಡಿ. ಕೋಶದ ಕೊಬ್ಬಿನ ಪೊರೆ ಇದರಿಂದ ಕರಗುತ್ತದೆ. ರಸ ಲೋಳೆಯಾಗಿ ಚಮಚದಿಂದ ಎಳೆಎಳೆಯಾಗಿ ಇಳಿದರೆ ಡಿಎನ್‌ಎ ಹೊರಬಂದಿದೆ ಎಂದರ್ಥ.

ಆಮೇಲೆ ಅರ್ಧ ಚಮಚ ತಾಜಾ ಅನಾನಸಿನ ರಸ. ಬನವಾಸಿ ಕಡೆಯ ಹಣ್ಣು ನಮ್ಮಲ್ಲಿ ಸುಲಭಕ್ಕೆ ಸಿಗುತ್ತದೆ. ಅದರ ಬ್ರೋಮೆಲೇನ್ ಕಿಣ್ವ ಡಿಎನ್‌ಎಗೆ ಸುತ್ತಿದ ಪ್ರೋಟೀನನ್ನು ಕತ್ತರಿಸುತ್ತದೆ. ಡಬ್ಬಿಯ ರಸವನ್ನು ಕಾಯಿಸಿರುತ್ತಾರೆ, ಅದರಲ್ಲಿ ಕಿಣ್ವ ಸತ್ತಿರುತ್ತದೆ. 1869ರಲ್ಲಿ ಸ್ವಿಸ್ ವಿಜ್ಞಾನಿ ಫ್ರೀಡ್ರಿಶ್ ಮೀಶರ್ ಕೀವಿನ ಕೋಶಗಳಿಂದ ಈ ವಸ್ತುವನ್ನು ಮೊದಲು ಬೇರ್ಪಡಿಸಿದಾಗ ಇದೇ ಕೆಲಸಕ್ಕೆ ಹಂದಿಯ ಜಠರದ ಪೆಪ್ಸಿನ್ ಕಿಣ್ವ ಬಳಸಿದ್ದ.

ಐದು ನಿಮಿಷ ಬಿಟ್ಟು ಪ್ರನಾಳದ ಮೂರನೇ ಒಂದು ಭಾಗ ರಸ ತುಂಬಿಸಿ. ಪ್ರನಾಳ ಓರೆ ಹಿಡಿದು, ಫ್ರೀಜರ್‌ನಲ್ಲಿ ರಾತ್ರಿಯಿಡೀ ಬಿಗಿ ಮುಚ್ಚಳದಲ್ಲಿಟ್ಟ 99% ಐಸೋಪ್ರೊಪೈಲ್ ಆಲ್ಕೋಹಾಲನ್ನು ಗೋಡೆಗುಂಟ ಅಷ್ಟೇ ಅಳತೆ ಇಳಿಸಿ. ಹತ್ತಿರ ಸ್ಟೋವ್ ಉರಿಯಬಾರದು. ಎಥನಾಲ್ ಆದರೆ ಎರಡು ಪಟ್ಟು ಬೇಕು. ಸ್ಯಾನಿಟೈಸರ್ ಬೇಡ: ಆಲ್ಕೋಹಾಲ್ ಕಡಿಮೆ, ಜೆಲ್ ಬೇರೆ. ಎರಡು ಪದರ ಕೂಡುವಲ್ಲಿ ಮೊದಲು ಮಬ್ಬು, ಆಮೇಲೆ ಗುಳ್ಳೆ ಹಿಡಿದ ಬಿಳಿ ಎಳೆಗಳು ಮೇಲೇಳುತ್ತವೆ. ಅಲುಗಾಡಿಸದೆ 5 ನಿಮಿಷ ಕಾಯ್ದು, ಗಾಜಿನ ಕಡ್ಡಿಯನ್ನು ಒಂದೇ ದಿಕ್ಕಿಗೆ ತಿರುಗಿಸಿ ಸುತ್ತಿಕೊಳ್ಳಿ. ಎಳೆಯ ಬದಲು ಹಿಟ್ಟಿನಂಥ ಚೂರು ಬಂದರೆ ಮಿಕ್ಸರ್ ಹೆಚ್ಚಾಗಿದೆ, ಇಲ್ಲವೇ ಲಿವರ್ ಹಳತು.

ಸುತ್ತಿದ ಎಳೆಯನ್ನು ಅದೇ ಆಲ್ಕೋಹಾಲ್ ಇರುವ ಸಣ್ಣ ಸೀಸೆಗೆ ಹಾಕಿಸಿ, ಚೀಟಿಯ ಮೇಲೆ ‘ಡಿಎನ್‌ಎ, ಜೊತೆಗೆ ಆರ್‌ಎನ್‌ಎ ಮತ್ತು ಪ್ರೋಟೀನ್’ ಎಂದು ಬರೆಸುತ್ತೇನೆ. ‘ಶುದ್ಧ’ ಎಂಬ ಪದ ಬರೆಯಲು ಬಿಡುವುದಿಲ್ಲ. ಮಿಕ್ಸರ್ ಜಾರು ಹಸಿ ಕೋಳಿ ಮುಟ್ಟಿದ್ದು. ಅದನ್ನು ಈ ಕೆಲಸಕ್ಕೇ ಬೇರೆ ಇಡಿ.